ಈಜು ಬಾರದ ಹಾವೇರಿ ಹುಡುಗ ಸಮುದ್ರ ವಿಜ್ಞಾನಿ ಆಗಬಹುದೇ?

ಪ್ರಶ್ನೆ: ಊರು ಹಾವೇರಿ. ಧಾರವಾಡದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ, ರಸಾಯನ-ಸಸ್ಯ-ಪ್ರಾಣಿಶಾಸ್ತ್ರ. ಕಡಲ ಜೀವಿಗಳ ಮೇಲೆ ಸಂಶೋಧನೆ ಮಾಡುವ ಆಸೆ, ಆದರೆ ಈಜು ಬರೋದಿಲ್ಲ. ಈಗಿನಿಂದ ಏನು ಮಾಡಲಿ?

ಉತ್ತರ: ಈಜು ಬರದಿದ್ದರೂ ನಡೀತದ. ಹವಳದ ಮೇಲೆ ಕೆಲಸ ಮಾಡೋರಿಗೆ ಡೈವಿಂಗ್ ಬೇಕೇ ಬೇಕು. ಉಳಿದವರ ಬಹುಪಾಲು ದಿನ ಕಳೆಯೋದು ಬಾಟಲಿ, ಬ್ಯುರೆಟ್, ಸೂಕ್ಷ್ಮದರ್ಶಕ, ಎಕ್ಸೆಲ್ ಹಾಳೆಗಳ ಮುಂದೆ. ಮೊದಲು ಕೈಗೆ ಬರಬೇಕಾದದ್ದು ನೀರಿನ ಮಾದರಿಯನ್ನು ಕೆಡಿಸದೆ ತರುವ ಕೆಲಸ. ಅದಕ್ಕೆ ಹುಬ್ಬಳ್ಳಿಯ ಉಣಕಲ್ ಕೆರೆ ಸಾಕು.

ನೀರಿನಲ್ಲಿ ಕರಗಿದ ಆಮ್ಲಜನಕವನ್ನು ರಾಸಾಯನಿಕಗಳಿಂದ ಅಳೆಯುವ ವಿಂಕ್ಲರ್ ವಿಧಾನ ಕಲಿಯಿರಿ. ಕಾಲೇಜಿನಲ್ಲಿ 300 ಮಿ.ಲೀ. ಬಿಓಡಿ ಬಾಟಲಿ (ಗಾಳಿ ಸೇರದಂತೆ ಮುಚ್ಚುವ ಗಾಜಿನ ಬಾಟಲಿ) ಇದ್ದೇ ಇರ್ತದ. ನೀರನ್ನು ಮೇಲಿನಿಂದ ಸುರಿಯಬೇಡಿ. ರಬ್ಬರ್ ನಳಿಕೆಯನ್ನು ಬಾಟಲಿಯ ತಳಕ್ಕೆ ಮುಟ್ಟಿಸಿ ನಿಧಾನವಾಗಿ ತುಂಬಿಸಿ, ತುಂಬಿದ ಮೇಲೂ ಇನ್ನೆರಡು ಬಾಟಲಿಯಷ್ಟು ನೀರು ಹೊರಚೆಲ್ಲಿ ಹೋಗಲಿ. ಮ್ಯಾಂಗನಸ್ ಸಲ್ಫೇಟ್ 1 ಮಿ.ಲೀ., ಅಜೈಡ್ ಬೆರೆಸಿದ ಕ್ಷಾರೀಯ ಅಯೋಡೈಡ್ 1 ಮಿ.ಲೀ. ಹಾಕಿ ಮುಚ್ಚಿ. ಒಳಗೆ ಒಂದು ಗುಳ್ಳೆ ಕೂತರೂ ಚೆಲ್ಲಿ ಹೊಸದಾಗಿ ತುಂಬಿ. ತಲೆಕೆಳಗು ಮಾಡಿ ಅಲುಗಿಸಿದಾಗ ಕಂದು ಗಸಿ ಕಟ್ಟಿದರೆ ಆಮ್ಲಜನಕ ಇದೆ, ಬೆಳ್ಳಗೇ ಉಳಿದರೆ ಇಲ್ಲ. ಗಸಿ ಅರ್ಧಕ್ಕೆ ಇಳಿದ ಮೇಲೆ ಮತ್ತೊಮ್ಮೆ ಅಲುಗಿಸಿ, ಅದು ತಳ ಸೇರಿದ ಮೇಲೆ ಸಾಂದ್ರ ಸಲ್ಫ್ಯೂರಿಕ್ ಆಮ್ಲ 1 ಮಿ.ಲೀ. ಹಾಕಿ ಕರಗಿಸಿ. ಅದರಲ್ಲಿ 201 ಮಿ.ಲೀ. ತೆಗೆದು 0.025 ನಾರ್ಮಲ್ ಥಯೋಸಲ್ಫೇಟಿನಿಂದ ಟೈಟ್ರೇಟ್ ಮಾಡಿದರೆ (ಬಣ್ಣ ಹೋಗುವವರೆಗೆ ಬ್ಯುರೆಟ್‌ನಿಂದ ಹನಿಹನಿಯಾಗಿ ಬಿಟ್ಟು ಅಳೆದರೆ), ಖರ್ಚಾದ ಪ್ರತಿ ಮಿ.ಲೀ.ಗೆ ಲೀಟರಿಗೆ 1 ಮಿಲಿಗ್ರಾಂ ಆಮ್ಲಜನಕ. ಪಿಷ್ಟವನ್ನು ಬಣ್ಣ ತಿಳಿಹಳದಿಗೆ ಬಂದ ಮೇಲಷ್ಟೇ ಹಾಕಬೇಕು; ಆಗ ಬರುವ ನೀಲಿ ಹೋದ ಕೂಡಲೇ ನಿಲ್ಲಿಸಿ.

ಅಜೈಡ್ ಬಿಟ್ಟರೆ ಚರಂಡಿ ಸೇರಿದ ನೀರಿನ ನೈಟ್ರೈಟ್ ಕಾಟ ಕೊಡ್ತದ: ಹೋದ ನೀಲಿ ತಿರುಗಿ ಬರ್ತದ. ಅಜೈಡ್ ವಿಷ, ಕೈಗವಸು ಹಾಕಿಕೊಳ್ಳಿ. ಥಯೋಸಲ್ಫೇಟ್ ಇಟ್ಟಲ್ಲೇ ಸತ್ವ ಕಳೆದುಕೊಳ್ತದ, ಹಾಗಾಗಿ ಅವತ್ತವತ್ತೇ ಅಯೋಡೇಟಿನಿಂದ ತಾಳೆ ನೋಡಿ. ಸೂರ್ಯ ಹುಟ್ಟುವ ಮುಂಚೆ ಒಂದು ಸಲ, ಮಧ್ಯಾಹ್ನ ಮೂರಕ್ಕೊಂದು ಸಲ, ಒಂದೇ ಜಾಗದಿಂದ ಮೂರು ಮೂರು ಬಾಟಲಿ ತುಂಬಿ. ಮೂರರ ಲೆಕ್ಕ ಲೀಟರಿಗೆ 0.2 ಮಿಲಿಗ್ರಾಂಗಿಂತ ಹೆಚ್ಚು ಹರಿದಾಡಿದರೆ ಕೆರೆಯನ್ನು ಬೈಯಬೇಡಿ, ಕೈ ಇನ್ನೂ ಪಳಗಿಲ್ಲ ಅಂತ ತಿಳಿಯಿರಿ.

ಇಷ್ಟೊಂದು ಯಾಕೆ ಕೊರೀತಿದ್ದೇನೆಂದರೆ, ನಮ್ಮ ಪಶ್ಚಿಮ ಕರಾವಳಿಯ ದೊಡ್ಡ ಪ್ರಶ್ನೆಯೇ ಆಮ್ಲಜನಕದ್ದು. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಹಿಡಿದರೆ ಸಮುದ್ರದ ನೀರು 6.7ರಷ್ಟೇ. ಮಳೆಗಾಲದಲ್ಲಿ ಆಳದ ಉಸಿರುಗಟ್ಟಿದ ನೀರು ದಡದತ್ತ ಏರಿ ಬರ್ತದ. ಸೆಪ್ಟೆಂಬರ್ ಹೊತ್ತಿಗೆ ತಳದಲ್ಲಿ ಆಮ್ಲಜನಕ ಹೆಚ್ಚುಕಡಿಮೆ ಬರಿದಾಗ್ತದ. ಅಲ್ಲಿ ಭೂಮಿಯನ್ನು ಬಿಸಿ ಮಾಡುವ ನೈಟ್ರಸ್ ಆಕ್ಸೈಡ್ ಅನಿಲ ಹೆಚ್ಚಾಗಿ ಹುಟ್ತದ ಅಂತ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಕ್ವಿ ಮತ್ತು ಸಂಗಡಿಗರು 2000ರಲ್ಲಿ ‘ನೇಚರ್’ನಲ್ಲಿ ಬರೆದರು. ಲೀಟರಿಗೆ 0.3 ಮಿಲಿಗ್ರಾಂ ಇರುವ ಆ ನೀರಿಗೆ ಒಂದು ಗಾಳಿಗುಳ್ಳೆ ಸೇರಿದರೆ ಅಂಕಿಯೇ ಸುಳ್ಳು.

ಇನ್ನೊಂದು ತೊಡಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್, ಆಮೇಲೂ ಸಮುದ್ರ ಒರಟು. ಬಾಡಿಗೆ ದೋಣಿ ನಂಬಿದ ಪ್ರಬಂಧಗಳಲ್ಲಿ ನೋಡಲೇಬೇಕಾದ ತಿಂಗಳುಗಳೇ ಖಾಲಿ ಉಳೀತಾವ. ಗೈಡ್ ಹತ್ತಿರ ವಿಷಯ ಒಪ್ಪಿಕೊಳ್ಳುವ ಮುಂಚೆ “ಮಳೆಗಾಲಕ್ಕೆ ದೋಣಿ ಎಲ್ಲಿಂದ ಸರ್?” ಅಂತ ಕೇಳಿಬಿಡಿ.

ಎಂ.ಎಸ್ಸಿ.ಗೆ ದೂರ ಹೋಗಬೇಕಿಲ್ಲ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ್ದೇ ಸಾಗರ ಜೀವಶಾಸ್ತ್ರ ವಿಭಾಗ ಕಾರವಾರದ ಕೋಡಿಬಾಗದಲ್ಲಿದೆ. ಗೋವಾ, ಕೊಚ್ಚಿಯಲ್ಲೂ ಇಂಥ ಎಂ.ಎಸ್ಸಿ. ಇದೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಎಂ.ಎಫ್.ಎಸ್ಸಿ.ಗೆ ಮಾತ್ರ ಬಿ.ಎಫ್.ಎಸ್ಸಿ. (ಮೀನುಗಾರಿಕೆ ಪದವಿ) ಆಗಿರಬೇಕು. ಆಮೇಲೆ ಸಂಶೋಧನೆಗೆ ಅರ್ಹತೆ ಕೊಡುವ ರಾಷ್ಟ್ರೀಯ ಪರೀಕ್ಷೆ ಸಿಎಸ್‌ಐಆರ್ ನೆಟ್. ನಿಮಗೆ ಜೀವವಿಜ್ಞಾನದ ಪತ್ರಿಕೆ ಸರಿ. ಅದರಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000, ಮುಂದೆ 42,000 ರೂಪಾಯಿ. ಕಾಯಂ ಹುದ್ದೆ ಕಡಿಮೆ. ಪ್ರಾಜೆಕ್ಟ್ ಮುಗಿದರೆ ಪಗಾರವೂ ಮುಗೀತದ. ಅದಕ್ಕೇ ಒಂದು ಜೀವಿಗುಂಪಿನ ಗುರುತಿಸುವಿಕೆಯಲ್ಲಿ ಗಟ್ಟಿಯಾಗಿರಿ. ನನ್ನನ್ನು ಕೇಳಿದರೆ ಪಾಲಿಕೀಟ್ ಹುಳಗಳು (ಎರೆಹುಳದ ಕಡಲ ನೆಂಟರು): ಬಂದರು ಕಾಮಗಾರಿಯ ಪರಿಸರ ವರದಿಗಳಿಗೂ ತಳದ ಕೆಸರನ್ನು 500 ಮೈಕ್ರಾನ್ ಜರಡಿಯಲ್ಲಿ ತೊಳೆದು ಹುಳ ಗುರುತಿಸುವವರು ಬೇಕಾಗ್ತಾರೆ.