ಮಿಲಿಟರಿ, ಅಂಗಡಿ, ಸಂಸಾರ: ತಿಥಿಯ ದಿನ ಅಜ್ಜನ ಬಗ್ಗೆ ಏನು ಹೇಳಲಿ?

ನಿಮ್ಮ ಅಜ್ಜ ಹೋದ ವಾರ ತೀರಿಕೊಂಡರು, ಮಿಲಿಟರಿಯಲ್ಲಿದ್ದವರು, ಆಮೇಲೆ ವ್ಯಾಪಾರ ಮಾಡಿ ದೊಡ್ಡ ಸಂಸಾರ ಸಾಕಿದವರು, ತಿಥಿಯ ದಿನ ನಾಲ್ಕು ಮಾತು ಆಡಬೇಕು, ಏನು ಹೇಳಲಿ ಅಂತ ಕೇಳಿದ್ದೀರಿ. 2023ರಲ್ಲಿ ನಾನೂ ಇದೇ ಪೇಚಿಗೆ ಸಿಕ್ಕಿದ್ದೆ. ನಮ್ಮಜ್ಜನಿಗೆ ಆಗ 89.

ನಮ್ಮದು ಸುಂಟಿಕೊಪ್ಪದ ಹತ್ತಿರ. ಅವತ್ತು ಮೊದಲು ಎದ್ದವರು ದೊಡ್ಡಪ್ಪ. ಕೊಡಗು ವೀರರ ನಾಡು, ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಮಣ್ಣು ಅಂತ ಶುರು ಮಾಡಿದರು. ಐದು ನಿಮಿಷವಾದರೂ ಅಜ್ಜ ಬರಲೇ ಇಲ್ಲ. ಜನ ಅಡುಗೆ ಮನೆ ಕಡೆ ನೋಡತೊಡಗಿದರು. ನಮ್ಮ ಕಡೆ ಊರು ತುಂಬ ಮಾಜಿ ಸೈನಿಕರು. ಬರೀ 'ದೇಶಸೇವೆ ಮಾಡಿದರು' ಅಂದ್ರೆ ಯಾರ ಬಗ್ಗೆ ಅಂತ ಗೊತ್ತಾಗಬೇಕಲ್ವಾ?

ನನ್ನ ಸರದಿ ಬಂದಾಗ ನಾನು ಕಲ್ಲಿನ ವಿಷಯ ಹೇಳಿದೆ.

ಅಜ್ಜ ಎಎಸ್‌ಸಿಯಲ್ಲಿ ಲಾರಿ ಡ್ರೈವರ್. ಸೈನ್ಯಕ್ಕೆ ರೇಷನ್, ಪೆಟ್ರೋಲ್ ಸಾಗಿಸುವ ವಿಭಾಗ ಅದು. 1962ರ ಚೀನಾ ಯುದ್ಧದಲ್ಲಿ ಈಗಿನ ಅರುಣಾಚಲದ ಬೊಮ್ಡಿಲಾ ಕಡೆ ಇದ್ದರು. ಆ ನವೆಂಬರ್‌ನಲ್ಲಿ ನಮ್ಮವರು ಹಿಂದೆ ಸರಿದಾಗ ಬೆಟ್ಟ ಇಳಿದು ಬಂದವರಲ್ಲಿ ಅವರೂ ಒಬ್ಬರು. ಯುದ್ಧದ ಕತೆ ಹೇಳಿ ಅಂದ್ರೆ "ಚಳಿ ಇತ್ತು ಮಗಾ" ಅಂತಿದ್ದರು, ಅಷ್ಟೇ. ಆದರೆ ಇಳಿಜಾರಲ್ಲಿ ಜೀಪ್ ನಿಲ್ಲಿಸಿದರೆ ಹ್ಯಾಂಡ್‌ಬ್ರೇಕ್ ಎಳೆದು, ಗೇರಿಗೆ ಹಾಕಿ, ಆಮೇಲೂ ಇಳಿದು ಹೋಗಿ ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು. ಆ ಕಲ್ಲು ಸೀಟಿನ ಕೆಳಗೇ ಇರುತ್ತಿತ್ತು, ಗೋಣಿಯಲ್ಲಿ ಸುತ್ತಿ. ಕೊಡಗಲ್ಲಿ ಸಮತಟ್ಟು ಜಾಗ ಎಲ್ಲಿದೆ ಹೇಳಿ? ದಿನಕ್ಕೆ ಹತ್ತು ಸಲ ಕಲ್ಲು ಇಳಿಯಬೇಕು, ಹತ್ತಬೇಕು. ಒಮ್ಮೆ ಮದುವೆ ಮನೆ ಮುಂದೆ, ರೇಷ್ಮೆ ಸೀರೆ ಉಟ್ಟಿದ್ದ ಅಜ್ಜಿಯ ಕೈಗೇ ಕಲ್ಲು ಕೊಟ್ಟು "ಇಡು" ಅಂದಿದ್ದರು.

ಜನ ನಕ್ಕರು. ನಕ್ಕ ಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಜಾಸ್ತಿ ಬಂದದ್ದು ಅಂಗಡಿಯ ಮಾತು.

1972ರಲ್ಲಿ ಪೆನ್ಶನ್ ಮೇಲೆ ಬಂದು ಅಂಗಡಿ ಇಟ್ಟಿದ್ದರು. ಕತ್ತಿ, ಹಾರೆ, ಗೋಣಿಚೀಲ, ಟಾರ್ಪಾಲ್, ಮಳೆಗಾಲಕ್ಕೆ ಕಂಬಳಿ. ಆಗ ಕಾಫಿ ವ್ಯಾಪಾರ ಮಾಡುವ ಹಾಗಿರಲಿಲ್ಲ. ಬೆಳೆದದ್ದೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ, ಅಂದ್ರೆ ಎಲ್ಲರ ಕಾಫಿ ಒಟ್ಟು ಸೇರಿಸಿ ಬೋರ್ಡೇ ಮಾರುವ ವ್ಯವಸ್ಥೆಗೆ ಹೋಗಬೇಕು, ದುಡ್ಡು ಕಂತಿನಲ್ಲಿ ಬರಬೇಕು. 90ರ ದಶಕದಲ್ಲಿ ಅದು ಸಡಿಲವಾಯಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮಕ್ಕೆ ಕಾಫಿ ಗಿಡ ಸುಟ್ಟು ಹೋಗಿ ಇಲ್ಲಿ ರೇಟು ಏರಿತು. ಅಜ್ಜ ಅರವತ್ತರ ಮೇಲೆ ಕಾಫಿ ಕೊಳ್ಳಲು ಇಳಿದರು.

ಕಾಫಿಯಲ್ಲಿ ಜಗಳ ಬರುವುದು ಔಟ್‌ಟರ್ನ್‌ಗೆ. ಒಣಗಿದ ಚೆರ್ರಿಯ 50 ಕೆಜಿ ಚೀಲದಲ್ಲಿ ಸಿಪ್ಪೆ ಹೋಗಿ ಎಷ್ಟು ಬೀಜ ಉಳಿಯುತ್ತೆ ಅನ್ನೋ ಲೆಕ್ಕ ಅದು. 26 ಕೆಜಿ ಅಂದ್ರೆ ಒಂದು ದುಡ್ಡು, 28 ಅಂದ್ರೆ ಇನ್ನೊಂದು. ಅಜ್ಜ ಸ್ಯಾಂಪಲ್ ತೂಗಲು ತಕ್ಕಡಿಯನ್ನು ಬೆಳೆಗಾರನ ಕೈಗೇ ಕೊಡುತ್ತಿದ್ದರು. "ನೀನೇ ತೂಗು, ನೀನೇ ಹೇಳು." ಬೀಜ ಒಣಗಿದೆಯಾ ಅಂತ ಹಲ್ಲಲ್ಲಿ ಕಚ್ಚಿ ನೋಡುತ್ತಿದ್ದರು. ಹಲ್ಲುಸೆಟ್ಟು ಬಂದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು.

ಉದಾರಿ ಅಂತ ಮಾತ್ರ ಹೇಳಲಾರೆ. ಸಾಲದ ಪುಸ್ತಕದಲ್ಲಿ ನಮ್ಮಪ್ಪನ ಹೆಸರಲ್ಲೂ ಒಂದು ಪುಟ ಇತ್ತು. 'ಟಾರ್ಚ್ ಸೆಲ್ 2' ಅಂತ ಸಾಲು ಸಾಲಾಗಿ. ಆಸ್ತಿ ಪಾಲಾದಾಗ ಆ ಪುಟದ ಮೊತ್ತ ಕಳೆದೇ ಅಪ್ಪನಿಗೆ ಕೊಟ್ಟರು. ಅಪ್ಪ ಅದನ್ನು ವರ್ಷಗಟ್ಟಲೆ ಮನಸ್ಸಲ್ಲಿ ಇಟ್ಟುಕೊಂಡಿದ್ದರು. ತಿಥಿಯ ದಿನ ಅವರೇ ಎದ್ದು ಹೇಳಿದರು: "ಆ ಸೆಲ್ಲು ನಾನು ತಗೊಂಡದ್ದು ರಾತ್ರಿ ಅವರನ್ನೇ ಅಂಗಡಿಯಿಂದ ಮನೆಗೆ ಕರ್ಕೊಂಡು ಬರೋಕೆ." ಇಷ್ಟು ಹೇಳಿ ಸುಮ್ನೆ ಕೂತರು. ದೊಡ್ಡಪ್ಪನ ಭಾಷಣ ಯಾರಿಗೂ ನೆನಪಿಲ್ಲ. ಇದು ಇವತ್ತಿಗೂ ಊರಲ್ಲಿ ಮಾತಿಗೆ ಬರುತ್ತೆ.

ಹಾಗಾಗಿ, ನಿಮ್ಮಲ್ಲಿ ತಿಥಿ ಅಂತೀರೋ ಮಾದ ಅಂತೀರೋ, ಅಜ್ಜ ನಿಮಗೆ ಸಿಟ್ಟು ಬರಿಸಿದ್ದನ್ನೂ ಹೇಳಿ. ಗಾಬರಿ ಬೇಡ, ಜನ ತಪ್ಪು ತಿಳಿಯುವುದಿಲ್ಲ. ಹೇಳಲು ಏನೂ ಹೊಳೆಯದಿದ್ದರೆ ಅವರ ಟ್ರಂಕ್ ತೆಗೆದು ನೋಡಿ. ನಮ್ಮಜ್ಜ 1955ರಲ್ಲಿ ಸೇರಿದ್ದ ಕಾಗದದಲ್ಲಿ ವಿಳಾಸ ಕೂರ್ಗ್ ರಾಜ್ಯ. 1956ರಲ್ಲಿ ಕೊಡಗು ಮೈಸೂರಿಗೆ ಸೇರಿತಲ್ಲ, ಪೆನ್ಶನ್ ಕಾಗದದಲ್ಲಿ ಮೈಸೂರು ರಾಜ್ಯ. ಆಧಾರ್‌ನಲ್ಲಿ ಕರ್ನಾಟಕ. ಮನೆ ಮಾತ್ರ ಅದೇ, ಹಂಚು ಬದಲಾಗಿದೆ ಅಷ್ಟೇ.

ಟ್ರಂಕ್ ತೆಗೆದಾಗ ಇನ್ನೊಂದು ಕೆಲಸ ಮಾಡಿ. ಅಜ್ಜಿ ಇದ್ದರೆ, ಪಿಪಿಒದಲ್ಲಿ (ಪೆನ್ಶನ್ ಪಾವತಿ ಆದೇಶ) ಇರುವ ಅವರ ಹೆಸರು, ಹುಟ್ಟಿದ ತಾರೀಕು ಆಧಾರ್‌ಗೆ ಹೊಂದುತ್ತಾ ನೋಡಿ. ನಮ್ಮಜ್ಜಿಯ ಹೆಸರಲ್ಲಿ ಒಂದೇ ಅಕ್ಷರ ವ್ಯತ್ಯಾಸ ಇತ್ತು. ಕುಟುಂಬ ಪೆನ್ಶನ್ ಶುರುವಾಗಲು ಏಳು ತಿಂಗಳು ಹಿಡಿಯಿತು. ಮರಣ ಪತ್ರದ ನಾಲ್ಕೈದು ಪ್ರತಿ ಈಗಲೇ ತೆಗೆದಿಡಿ, ಎಲ್ಲರೂ ಕೇಳುತ್ತಾರೆ. ಆ ಓಡಾಟಕ್ಕೆ ಅಜ್ಜಿಯನ್ನು ಅದೇ ಹಳೆ ಜೀಪಲ್ಲಿ ಮಡಿಕೇರಿಗೆ ಕರೆದುಕೊಂಡು ಹೋಗುತ್ತಿದ್ದೆ. ಮೊದಲನೇ ದಿನ ಇಳಿಜಾರಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದೆ. ಅಜ್ಜಿ ಏನೂ ಮಾತಾಡದೆ ಸೀಟಿನ ಕೆಳಗೆ ಕೈ ಹಾಕಿದರು.