ಮೇಜಿನ ಎರಡೂ ಕಡೆ ಒಬ್ಬರೇ ಕೂತರೆ? – ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಸುತ್ತ ಇದ್ದವು. ಹಣ ಹಾಕಿದವರು ಒಬ್ಬರು, ಕಂಪನಿ ನಡೆಸುವವರು ಇನ್ನೊಬ್ಬರು, ಇಬ್ಬರ ನಡುವೆ ಅನುಮಾನ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಇದನ್ನೇ ಹಿಡಿದಿದ್ದೇನೆ. ಪತ್ರ ಬರೆದವರ ಹೆಸರು ಹಾಕಿಲ್ಲ, ಯಾಕೆ ಅಂತ ಅವರಿಗೇ ಗೊತ್ತು.

ಪ್ರಶ್ನೆ: ನಾವು ಮೂವರು ಗೆಳೆಯರು ಹಣ ಹಾಕಿ ಕಂಪನಿ ಮಾಡಿದ್ದೇವೆ. ನಡೆಸಲು ಒಬ್ಬ ಮ್ಯಾನೇಜರ್ ಇದ್ದಾರೆ, ಒಳ್ಳೆಯ ಕೆಲಸಗಾರ. ಈಚೆಗೆ ಗೊತ್ತಾಯಿತು, ನಮಗೆ ಕಚ್ಚಾ ಸಾಮಗ್ರಿ ಬರುತ್ತಿರುವುದು ಅವರ ಭಾವನ ಸಂಸ್ಥೆಯಿಂದ. ವಿಚಾರಿಸಿದೆವು, ದರ ಮಾರುಕಟ್ಟೆ ದರವೇ. ಹಾಗಿದ್ದ ಮೇಲೆ ತಪ್ಪೇನು? ಕೇಳಿದರೆ ಅನುಮಾನಪಟ್ಟ ಹಾಗಾಗುವುದಿಲ್ವಾ?

ದರ ಸರಿ ಇದೆ ಅಂದಿರಿ. ಇವತ್ತು ಸರಿ ಇದೆ. ನಾಳೆ ಮಾಲು ತಡವಾಗಿ ಬಂತು ಅನ್ನಿ, ಗುಣಮಟ್ಟ ಇಳಿಯಿತು ಅನ್ನಿ, ಇನ್ಯಾರೋ ಕಡಿಮೆಗೆ ಕೊಡುತ್ತೇನೆ ಅಂದರು ಅನ್ನಿ. ಆಗ ಗಟ್ಟಿಯಾಗಿ ಮಾತಾಡಬೇಕಾದವರು ಯಾರು? ನಿಮ್ಮ ಮ್ಯಾನೇಜರ್. ಯಾರ ಹತ್ತಿರ? ಅಕ್ಕನ ಗಂಡನ ಹತ್ತಿರ.

ಹಿತಾಸಕ್ತಿಯ ಸಂಘರ್ಷ ಅಂದರೆ ಕಳ್ಳತನ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಕಳ್ಳತನ ಒಂದು ಕೆಲಸ, ಇದು ಒಂದು ಸ್ಥಿತಿ. ಚೌಕಾಸಿ ನಡೆಯಬೇಕಾದ ಮೇಜಿನ ಎರಡೂ ಕಡೆ ಒಬ್ಬನೇ ಮನುಷ್ಯ ಕೂತಿದ್ದಾನೆ, ಅಷ್ಟೇ. ಅವನು ಸಾಕ್ಷಾತ್ ಹರಿಶ್ಚಂದ್ರನೇ ಆಗಿರಲಿ, ಕೂತ ಜಾಗ ಬದಲಾಗುವುದಿಲ್ಲ.

ನನ್ನದೇ ಕಥೆ ಹೇಳುತ್ತೇನೆ. ಹಿಂದೆ ಒಂದು ಸಂಸ್ಥೆಯಲ್ಲಿ ಮುದ್ರಣದ ಕೆಲಸ ಯಾರಿಗೆ ಕೊಡಬೇಕು ಅನ್ನುವುದು ನನ್ನ ಕೈಯಲ್ಲಿತ್ತು. ಗೆಳೆಯನಿಗೆ ಕೊಟ್ಟೆ. ಒಂದು ಪೈಸೆ ಮುಟ್ಟಲಿಲ್ಲ, ಅವನ ಕೆಲಸ ಚೆನ್ನಾಗಿದೆ ಅಂತ ಮನಸಾರೆ ನಂಬಿದ್ದೆ. ಎರಡು ವರ್ಷ ಆದ ಮೇಲೆ ಒಬ್ಬರು ಸುಮ್ನೆ ಕೇಳಿದರು, ಬೇರೆ ಎಷ್ಟು ಕಡೆ ದರ ವಿಚಾರಿಸಿದ್ದೀರಿ? ಒಂದು ಕಡೆಯೂ ಇಲ್ಲ! ನಾನು ಮೋಸ ಮಾಡಿರಲಿಲ್ಲ, ಹುಡುಕಿರಲಿಲ್ಲ. ಬಹುಪಾಲು ಸಂಘರ್ಷ ಕೆಲಸ ಮಾಡುವುದು ಹೀಗೇ, ಕಣ್ಣು ಹಾಯಿಸಬೇಕಾದ ಕಡೆ ಕಣ್ಣು ಹೋಗದ ಹಾಗೆ ಮಾಡಿ.

ಹಾಗಾಗಿ ನೀವು ಕೇಳಬೇಕಾದ ಮೊದಲ ಪ್ರಶ್ನೆ ದರದ್ದಲ್ಲ. ಭಾವನ ವಿಷಯವನ್ನು ಅವರೇ ಹೇಳಿದರಾ, ಅಥವಾ ನಿಮಗೆ ಹೊರಗಿನಿಂದ ಗೊತ್ತಾಯಿತಾ? 'ಗೊತ್ತಾಯಿತು' ಅಂತ ಬರೆದಿದ್ದೀರಿ, ಅಂದರೆ ಹೇಳಿಲ್ಲ. ಸರಬರಾಜಿಗಿಂತ ಆ ಮೌನ ನನಗೆ ದೊಡ್ಡದಾಗಿ ಕಾಣುತ್ತದೆ. ಈಗ ಮಾಡಬೇಕಾದ್ದು ಇಷ್ಟೇ: ಸಂಬಂಧವನ್ನು ಅವರಿಂದ ಬರಹದಲ್ಲಿ ಪಡೆಯಿರಿ, ಬೇರೆ ಎರಡು ಮೂರು ಕಡೆಯಿಂದ ದರ ತರಿಸಿ, ಈ ಒಂದು ಖರೀದಿಯ ತೀರ್ಮಾನವನ್ನು ನಿಮ್ಮ ಮೂವರಲ್ಲಿ ಒಬ್ಬರು ತೆಗೆದುಕೊಳ್ಳಿ, ಆ ಮಾತು ನಡೆಯುವಾಗ ಅವರು ಕೋಣೆಯಲ್ಲಿ ಇರುವುದು ಬೇಡ. ಭಾವನ ಸಂಸ್ಥೆಯೇ ಗೆದ್ದರೆ ಕೊಡಿ, ಏನೂ ತೊಂದರೆ ಇಲ್ಲ. ಅನುಮಾನದ ಮಾತು ಕೇಳಿದಿರಿ. ಪ್ರಾಮಾಣಿಕ ಮ್ಯಾನೇಜರ್‌ಗೆ ಈ ಕಾಗದವೇ ರಕ್ಷಣೆ, ನಾಳೆ ಯಾರಾದರೂ ಬೆರಳು ತೋರಿಸಿದರೆ ತೋರಿಸಲು ಒಂದು ಹಾಳೆ ಇರುತ್ತದೆ.

ಪ್ರಶ್ನೆ: ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ನೋಡಿಕೊಳ್ಳಿ ಅಂತ ಕೂರಿಸಿದವರೇ ಕಂಪನಿ ಮುಳುಗಿಸುತ್ತಾರೆ. ಇದು ಈ ಕಾಲದ ದೊಡ್ಡ ಕಂಪನಿಗಳ ರೋಗ ಅಲ್ವಾ?

ಈ ಕಾಲದ್ದಂತೂ ಅಲ್ಲ. ಸಾರ್ವಜನಿಕರಿಂದ ಷೇರು ಹಣ ಎತ್ತಿದ ಮೊದಲ ದೊಡ್ಡ ಕಂಪನಿಗಳಲ್ಲಿ ಒಂದು ಡಚ್ ಈಸ್ಟ್ ಇಂಡಿಯಾ ಕಂಪನಿ, ಹುಟ್ಟಿದ್ದು 1602ರಲ್ಲಿ. ಅದರ ನಿರ್ದೇಶಕರಿಗೆ ಸಿಗುತ್ತಿದ್ದದ್ದು ಲಾಭದ ಪಾಲಲ್ಲ, ಕಮಿಷನ್. ತಂದು ಮಾರಿದ ಸರಕಿನ ಮೇಲೆ ಶೇ. 1, ಹಡಗು ಸಜ್ಜು ಮಾಡುವ ಖರ್ಚಿನ ಮೇಲೂ ಶೇ. 1. ಖರ್ಚು ಜಾಸ್ತಿ ಆದಷ್ಟೂ ಅವರ ಜೇಬು ತುಂಬುವ ಏರ್ಪಾಡು! 1609ರಲ್ಲೇ ಐಸಾಕ್ ಲ ಮೇರ್ ಅನ್ನುವ ದೊಡ್ಡ ಷೇರುದಾರ ಆಡಳಿತದ ವಿರುದ್ಧ ದೂರು ಬರೆದ. ಅವನೂ ಸಾಚಾ ಅಲ್ಲ ಬಿಡಿ, ಅದೇ ಕಂಪನಿಯ ಷೇರು ಬಿದ್ದರೆ ತನಗೆ ಲಾಭ ಬರುವ ಹಾಗೆ ಬಾಜಿ ಕಟ್ಟಿದ್ದ. 1622ರ ಹೊತ್ತಿಗೆ ಲೆಕ್ಕ ತೋರಿಸಿ ಅಂತ ಷೇರುದಾರರು ಕರಪತ್ರ ಹಂಚುತ್ತಿದ್ದರು. ಲೆಕ್ಕದ ಪುಸ್ತಕಕ್ಕೆ ಹಂದಿ ಕೊಬ್ಬು ಸವರಿ ನಾಯಿಗೆ ತಿನ್ನಿಸಿದ್ದಾರೆ ಅನ್ನುವ ಕುಹಕ ಆಗಿನದೇ.

ನಿಮ್ಮ ಗಾದೆ ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ ಅಂತಲೂ ನನಗೆ ಅನಿಸುತ್ತದೆ. ಬೇಲಿ ಹೊಲ ಮೇಯ್ದರೆ ಕಣ್ಣಿಗೆ ಕಾಣುತ್ತದೆ. ಕಾವಲಿಗೆ ಕೂತು ತೂಕಡಿಸುವವನ ನಷ್ಟ ಕಾಣುವುದಿಲ್ಲ. 1776ರಲ್ಲಿ ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್ ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ: ಬೇರೆಯವರ ಹಣ ನೋಡಿಕೊಳ್ಳುವವರು ತಮ್ಮ ಸ್ವಂತ ಹಣದಷ್ಟು ಕಾಳಜಿಯಿಂದ ಅದನ್ನು ಕಾಯುತ್ತಾರೆ ಅಂತ ನಿರೀಕ್ಷಿಸಬೇಡಿ, ಅಸಡ್ಡೆ, ದುಂದು ಎರಡೂ ಬಂದೇ ಬರುತ್ತವೆ. 1932ರಲ್ಲಿ ಅಡಾಲ್ಫ್ ಬರ್ಲ್ ಮತ್ತು ಗಾರ್ಡಿನರ್ ಮೀನ್ಸ್, ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಷೇರು ಸಾವಿರಾರು ಜನರಿಗೆ ಹಂಚಿಹೋಗಿ ಮಾಲೀಕತ್ವ ಒಂದು ಕಡೆ, ಹಿಡಿತ ಇನ್ನೊಂದು ಕಡೆ ಆಗಿರುವುದನ್ನು ತೋರಿಸಿದರು. 1976ರಲ್ಲಿ ಮೈಕೆಲ್ ಜೆನ್ಸನ್ ಮತ್ತು ವಿಲಿಯಂ ಮೆಕ್ಲಿಂಗ್ ಈ ಅಂತರದ ಖರ್ಚನ್ನು ಲೆಕ್ಕ ಹಾಕುವ ದಾರಿ ಹಾಕಿಕೊಟ್ಟರು. ಕಾವಲಿಗೆ ಆಗುವ ಖರ್ಚು, 'ನಂಬಿ' ಅಂತ ತೋರಿಸಲು ಮ್ಯಾನೇಜರ್ ಮಾಡುವ ಖರ್ಚು, ಇಷ್ಟೆಲ್ಲ ಆದ ಮೇಲೂ ಸೋರಿಹೋಗುವುದು. ಇದನ್ನೇ ಏಜೆನ್ಸಿ ವೆಚ್ಚ ಅನ್ನುವುದು. ಸೊನ್ನೆಗೆ ಇಳಿಸಲು ಹೊರಟರೆ ಕಾವಲಿನ ಖರ್ಚೇ ಕಂಪನಿಯನ್ನು ತಿಂದುಹಾಕುತ್ತದೆ.

ಪ್ರಶ್ನೆ: ಮ್ಯಾನೇಜರ್‌ಗೂ ಷೇರು ಕೊಟ್ಟುಬಿಟ್ಟರೆ ಅವನೂ ಮಾಲೀಕ. ಸಮಸ್ಯೆ ಮುಗಿಯಿತಲ್ಲ?

ಅರ್ಧ ಮುಗಿಯುತ್ತದೆ, ಇನ್ನರ್ಧ ಹೊಸದಾಗಿ ಹುಟ್ಟುತ್ತದೆ. ಷೇರು ಕೊಡುವುದು ಬೇರೆ, ಸ್ಟಾಕ್ ಆಪ್ಷನ್ ಕೊಡುವುದು ಬೇರೆ. ಆಪ್ಷನ್ ಅಂದರೆ ಕೊಟ್ಟ ದಿನದ ಬೆಲೆಗೇ ಮುಂದೆ ಯಾವಾಗಲಾದರೂ ಷೇರು ಕೊಳ್ಳುವ ಹಕ್ಕು. ಆಪ್ಷನ್ ಇದ್ದವನಿಗೆ ಬೆಲೆ ಏರಿದರೆ ಲಾಭ, ಇಳಿದರೆ ಕೈಯಿಂದ ಏನೂ ಹೋಗುವುದಿಲ್ಲ. ಅಂಥವನಿಗೆ ದೊಡ್ಡ ಅಪಾಯ ಎದುರಾದಾಗ ಎದೆ ಯಾಕೆ ನಡುಗಬೇಕು? ನಿಮ್ಮ ಎದೆ ನಡುಗುತ್ತದೆ, ಹಣ ನಿಮ್ಮದು. ಇನ್ನು ಈ ಆಪ್ಷನ್‌ಗಳನ್ನು ಯಾವ ದಿನ ಕೊಟ್ಟೆವು ಅನ್ನುವುದರಲ್ಲೂ ಆಟ ನಡೆದಿದೆ. 2006ರಲ್ಲಿ ಅಮೆರಿಕದಲ್ಲಿ ಸಾಲು ಸಾಲು ಕಂಪನಿಗಳು ಇದರಲ್ಲಿ ಸಿಕ್ಕಿಬಿದ್ದವು. ಷೇರು ಬೆಲೆ ಪಾತಾಳದಲ್ಲಿದ್ದ ದಿನವನ್ನು ಆಮೇಲೆ ಹುಡುಕಿ, ಆ ತಾರೀಕು ಬರೆದಿದ್ದರು. ಸಂಶೋಧಕರಿಗೆ ಸುಳಿವು ಸಿಕ್ಕಿದ್ದು ಹೇಗೆ ಗೊತ್ತಾ? ಎಲ್ಲರ ಅದೃಷ್ಟವೂ ಒಂದೇ ಸಮ ಚೆನ್ನಾಗಿತ್ತು.

ಬೋನಸ್ ವಿಷಯವೂ ಹೀಗೇ. ನೀವು ಯಾವುದನ್ನು ಅಳೆದು ಹಣ ಕೊಡುತ್ತೀರೋ ಅದು ಸಿಗುತ್ತದೆ, ನಿಮಗೆ ಬೇಕಾದ್ದು ಸಿಗುತ್ತದೆ ಅಂತಲ್ಲ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ಗ್ರಾಹಕರಿಗೆ ಎಷ್ಟು ಖಾತೆ ಮಾರಿದಿರಿ ಅಂತ ಗುರಿ ಇಟ್ಟು ಒತ್ತಡ ಹಾಕಿದ್ದರು. ಸಿಬ್ಬಂದಿ ಗ್ರಾಹಕರನ್ನು ಕೇಳದೆಯೇ ಲಕ್ಷಗಟ್ಟಲೆ ಖಾತೆ ತೆರೆದರು. 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು, ಹೋದ ಮಾನದ ಲೆಕ್ಕ ಬೇರೆ. ಕೊಡುವುದಾದರೆ ನಿಜವಾದ ಷೇರು ಕೊಡಿ, ಕೆಲವು ವರ್ಷ ಮಾರುವ ಹಾಗಿಲ್ಲ ಅಂತ ಕಟ್ಟು ಹಾಕಿ, ಲೆಕ್ಕ ಸುಳ್ಳು ಅಂತ ಆಮೇಲೆ ತಿಳಿದರೆ ಬೋನಸ್ ವಾಪಸ್ ಅಂತ ಕರಾರಿನಲ್ಲಿ ಬರೆಸಿ.

ಪ್ರಶ್ನೆ: ಸ್ವತಂತ್ರ ನಿರ್ದೇಶಕರು ಅಂತ ದೊಡ್ಡ ದೊಡ್ಡ ಹೆಸರಿನವರು ಬೋರ್ಡಿನಲ್ಲಿ ಇರುತ್ತಾರೆ. ಅವರು ಇದ್ದೂ ಹಗರಣ ಆಗುತ್ತದಲ್ಲ, ಅವರ ಕೆಲಸ ಏನು?

ಪ್ರಶ್ನೆ ಕೇಳುವುದು, ಬೇಡ ಅನ್ನುವುದು. ಹೇಳಲು ಸುಲಭ. ತಮ್ಮನ್ನು ಕರೆದು ಕೂರಿಸಿ ಗೌರವಧನ ಕೊಟ್ಟವರ ಮುಖ ನೋಡಿಕೊಂಡು ಬೇಡ ಅನ್ನುವುದು ಕಷ್ಟ.

ಸತ್ಯಂ ನೆನಪಿದೆಯಾ? 2008ರ ಡಿಸೆಂಬರ್ 16ರಂದು ಸತ್ಯಂ ಕಂಪ್ಯೂಟರ್ಸ್ ಬೋರ್ಡ್, ಸುಮಾರು 160 ಕೋಟಿ ಡಾಲರ್ ಕೊಟ್ಟು ಎರಡು ಮೇಟಾಸ್ ಕಂಪನಿಗಳನ್ನು ಕೊಳ್ಳಲು ಒಪ್ಪಿತು. ಸಾಫ್ಟ್‌ವೇರ್ ಕಂಪನಿಗೆ ಜಮೀನು, ಕಟ್ಟಡದ ವ್ಯಾಪಾರ ಯಾಕೆ? ಆ ಇಂಗ್ಲಿಷ್ ಹೆಸರನ್ನು ಹಿಂದಿನಿಂದ ಓದಿದರೆ ಸತ್ಯಂ ಅಂತಲೇ ಆಗುತ್ತದೆ, ಅವು ಅಧ್ಯಕ್ಷ ರಾಮಲಿಂಗ ರಾಜು ಕುಟುಂಬದ ಕಂಪನಿಗಳು. ಮಾರುವವರೂ ಅವರೇ, ಕೊಳ್ಳುವವರೂ ಅವರೇ. ಆ ಬೋರ್ಡಿನಲ್ಲಿ ಹಾರ್ವರ್ಡ್ ಪ್ರಾಧ್ಯಾಪಕರೂ ಇದ್ದರು, ಅದೇ ವರ್ಷ ಉತ್ತಮ ಆಡಳಿತಕ್ಕೆ ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ಬಂದಿತ್ತು. ತಡೆದದ್ದು ಇವರ್ಯಾರೂ ಅಲ್ಲ, ಸಿಟ್ಟಿಗೆದ್ದ ಹೂಡಿಕೆದಾರರು. ಗಂಟೆಗಳಲ್ಲೇ ಒಪ್ಪಂದ ಬಿದ್ದುಹೋಯಿತು. 2009ರ ಜನವರಿ 7ರಂದು ರಾಜು ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ ಹಣದಲ್ಲಿ ಬಹುಪಾಲು ಇಲ್ಲವೇ ಇಲ್ಲ, ಆ ಖಾಲಿ ಜಾಗ ತುಂಬಲು ಈ ಖರೀದಿ ಕೊನೆಯ ಪ್ರಯತ್ನ ಅಂತ ಒಪ್ಪಿಕೊಂಡರು.

ಅಮೆರಿಕದ ಇಂಧನ ಕಂಪನಿ ಎನ್ರಾನ್‌ನಲ್ಲಿ ಇನ್ನೂ ಸ್ವಾರಸ್ಯ. ಹಣಕಾಸು ಮುಖ್ಯಸ್ಥ ಆಂಡ್ರ್ಯೂ ಫಾಸ್ಟೋ ತನ್ನದೇ ಹೂಡಿಕೆ ಸಂಸ್ಥೆ ಮಾಡಿಕೊಂಡು ಎನ್ರಾನ್ ಜೊತೆಗೇ ವ್ಯವಹಾರ ಮಾಡುತ್ತೇನೆ ಅಂದ. ಕಂಪನಿಯ ನೀತಿ ಸಂಹಿತೆ ಅದಕ್ಕೆ ಅಡ್ಡ ಇತ್ತು. 1999ರಲ್ಲಿ ಬೋರ್ಡ್ ಏನು ಮಾಡಿತು? ಸಂಹಿತೆಯನ್ನೇ ಬದಿಗಿಟ್ಟು ಒಪ್ಪಿಗೆ ಕೊಟ್ಟಿತು. ಫಾಸ್ಟೋಗೆ ಅದರಿಂದ 3 ಕೋಟಿ ಡಾಲರ್‌ಗೂ ಹೆಚ್ಚು ಸಿಕ್ಕಿತು. ಆಡಿಟರ್ ಆರ್ಥರ್ ಆಂಡರ್ಸನ್ ನೋಡಬಹುದಿತ್ತು, ಆದರೆ 2000ನೇ ಇಸವಿಯಲ್ಲಿ ಅವರಿಗೆ ಆಡಿಟ್‌ನಿಂದ ಬಂದದ್ದು 2.5 ಕೋಟಿ ಡಾಲರ್, ಅದೇ ಕಂಪನಿಗೆ ಸಲಹೆ ಮುಂತಾದ ಬೇರೆ ಕೆಲಸದಿಂದ 2.7 ಕೋಟಿ. 2001ರ ಡಿಸೆಂಬರ್‌ನಲ್ಲಿ ಎನ್ರಾನ್ ದಿವಾಳಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ 2002ರಲ್ಲಿ ಸಾರ್ಬೇನ್ಸ್-ಆಕ್ಸ್ಲಿ ಕಾಯ್ದೆ ಬಂತು. ತಾವೇ ಆಡಿಟ್ ಮಾಡುವ ಕಂಪನಿಗೆ ಆಡಿಟರ್‌ಗಳು ಕೊಡುತ್ತಿದ್ದ ಹಲವು ಬೇರೆ ಸೇವೆಗಳನ್ನು ಅದು ನಿಲ್ಲಿಸಿತು. ತಡವಾಗಿ ಬಂದರೂ ಒಳ್ಳೆಯ ಕಾಯ್ದೆ ಅಂತಲೇ ನನ್ನ ಅಭಿಪ್ರಾಯ.

ಪ್ರಶ್ನೆ: ಮೇಲಧಿಕಾರಿಗಳ ಕೋಟಿಗಟ್ಟಲೆ ಸಂಬಳವನ್ನು ಷೇರುದಾರರು ತಡೆಯಲು ಆಗುವುದಿಲ್ವಾ?

ಕೋರ್ಟಿಗೆ ಹೋಗಿ ತಡೆಯುವುದು ಕಷ್ಟ. ಮೈಕೆಲ್ ಓವಿಟ್ಜ್ ಅಮೆರಿಕದ ಡಿಸ್ನಿ ಕಂಪನಿಯಲ್ಲಿ ಮೇಲಧಿಕಾರಿಯಾಗಿ ಇದ್ದದ್ದು 14 ತಿಂಗಳು, ಹೊರಡುವಾಗ ಸಿಕ್ಕಿದ್ದು ಸುಮಾರು 13 ಕೋಟಿ ಡಾಲರ್. ಷೇರುದಾರರು ಮೊಕದ್ದಮೆ ಹೂಡಿ ವರ್ಷಗಟ್ಟಲೆ ಬಡಿದಾಡಿದರು, 2006ರಲ್ಲಿ ಸೋತರು. ನಿರ್ದೇಶಕರು ಆದರ್ಶವಾಗಿ ನಡೆದುಕೊಳ್ಳಲಿಲ್ಲ, ಹಾಗಂತ ಕಾನೂನು ಮುರಿದಿಲ್ಲ ಅನ್ನುವುದು ತೀರ್ಪಿನ ಸಾರ. ಮತ ಹಾಕುವ ದಾರಿ ಇದೆ. ಬ್ರಿಟನ್ 2002ರಲ್ಲಿ ಸಂಬಳದ ವರದಿಯ ಮೇಲೆ ಷೇರುದಾರರ ಮತ ಕಡ್ಡಾಯ ಮಾಡಿತು, ಅದು ಬರೀ ಅಭಿಪ್ರಾಯ ಆಗಿತ್ತು. ಸ್ವಿಟ್ಜರ್ಲೆಂಡಿನಲ್ಲಿ 2013ರಲ್ಲಿ ದೇಶದ ಜನರೇ ಮತ ಹಾಕಿದರು, ಸುಮಾರು ಶೇ. 68 ಮಂದಿ ಕಡಿವಾಣ ಬೇಕು ಅಂದರು.

ಪ್ರಶ್ನೆ: ನಾನೇ ಮ್ಯಾನೇಜರ್. ನಮ್ಮ ದೊಡ್ಡ ಮಾಲೀಕರು ಶೇ. 60 ಷೇರು ಇಟ್ಟುಕೊಂಡಿದ್ದಾರೆ. ಸ್ವಂತ ಖರ್ಚನ್ನು ಕಂಪನಿ ಲೆಕ್ಕಕ್ಕೆ ಹಾಕಿ ಅನ್ನುತ್ತಾರೆ. ಅವರದೇ ಕಂಪನಿ ಅಲ್ವಾ, ನಾನು ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಅವರದೇ ಅಲ್ಲ. ಕಂಪನಿ ಬೇರೆ ವ್ಯಕ್ತಿ, ಅವರು ಅದರಲ್ಲಿ ಪಾಲುದಾರರು ಅಷ್ಟೇ. ಅವರು ತೆಗೆದ ಪ್ರತಿ 100ರಲ್ಲಿ 40 ಇನ್ಯಾರದೋ. ನೂರಕ್ಕೆ ನೂರು ಅವರದೇ ಆಗಿದ್ದರೂ ಸಾಲ ಕೊಟ್ಟ ಬ್ಯಾಂಕ್ ಇದೆ, ತೆರಿಗೆ ಇದೆ. ಮ್ಯಾನೇಜರ್ ಮಾಲೀಕನಿಗೆ ಮಾಡುವ ಮೋಸದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ದೊಡ್ಡ ಮಾಲೀಕ ಸಣ್ಣ ಮಾಲೀಕನಿಗೆ ಮಾಡುವುದರ ಬಗ್ಗೆ ಕಡಿಮೆ. ಕುಟುಂಬದ ಹಿಡಿತ ಇರುವ ಕಂಪನಿಗಳಲ್ಲಿ ಮುಖ್ಯ ಜಗಳವೇ ಅದು. ಬಾಯಿ ಮಾತಿನ ಆದೇಶಕ್ಕೆ ವೋಚರ್ ಬರೆಯಬೇಡಿ. ಅದನ್ನು ಅವರು ಪಡೆದ ಸಾಲ ಅಂತಲೋ ಸಂಬಳ ಅಂತಲೋ ಬರೆಯೋಣವೇ ಅಂತ ಈಮೇಲ್‌ನಲ್ಲಿ ಕೇಳಿ. ಎಷ್ಟೋ ಸಲ ಆ ಪ್ರಶ್ನೆಗೇ ಖರ್ಚು ನಿಂತುಹೋಗುತ್ತದೆ. ನಿಲ್ಲದಿದ್ದರೆ ಬೇರೆ ಕೆಲಸ ನೋಡಿಕೊಳ್ಳಿ, ಸಹಿ ನಿಮ್ಮದು.

ಪ್ರಶ್ನೆ: ಒಂದು ಕಂಪನಿಯ 10 ಷೇರು ಇದೆ. ನೂರಾರು ಪುಟದ ವಾರ್ಷಿಕ ವರದಿ ಓದಲು ಪುರುಸೊತ್ತಿಲ್ಲ. ಎಲ್ಲಿ ನೋಡಲಿ?

ಅಧ್ಯಕ್ಷರ ಪತ್ರ ಬಿಡಿ, ಫೋಟೊಗಳನ್ನೂ ಬಿಡಿ. ಹಣಕಾಸು ಲೆಕ್ಕದ ಟಿಪ್ಪಣಿಗಳಲ್ಲಿ 'ಸಂಬಂಧಿತ ಪಕ್ಷಗಳ ವ್ಯವಹಾರ' ಅಂತ ಒಂದು ಭಾಗ ಇರುತ್ತದೆ. ಯಾರ ಕಂಪನಿಯಿಂದ ಕೊಂಡರು, ಯಾರಿಗೆ ಸಾಲ ಕೊಟ್ಟರು, ಯಾರ ಕಟ್ಟಡಕ್ಕೆ ಬಾಡಿಗೆ ಕಟ್ಟಿದರು, ಎಲ್ಲ ಅಲ್ಲಿ ಬರಬೇಕು. ಕಳೆದ ವರ್ಷದ ಅಂಕಿಯನ್ನೂ ಪಕ್ಕದಲ್ಲೇ ಹಾಕಿರುತ್ತಾರೆ. ಏರಿದ್ದು ಕಂಡರೆ ಆಡಿಟರ್ ಈ ವರ್ಷ ಬದಲಾದರಾ, ಅವಧಿ ಮುಗಿಯುವ ಮೊದಲೇ ಬಿಟ್ಟುಹೋದರಾ ಅಂತ ನೋಡಿ. ಸಾಮಾನ್ಯವಾಗಿ ಇದೆಲ್ಲ ಕೊನೆಯ ಪುಟಗಳಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ.