ಸಂಪಾದಕರ ಉತ್ತರ: ನಿದ್ದೆ ಕಾಯುವವರು

ಶಿಡ್ಲಘಟ್ಟದ ಹತ್ತಿರದ ಹಳ್ಳಿಯಿಂದ ಹಿರಿಯ ರೇಷ್ಮೆ ಬೆಳೆಗಾರರೊಬ್ಬರು ಬರೆದಿದ್ದಾರೆ: "ಕಲಾವಿದನ ಕನಸನ್ನು ರೋಬೋ ಕುಣಿದು ತೋರಿಸುತ್ತೆ ಅಂತ ಹೋದ ತಿಂಗಳು ಹಾಕಿದ್ದಿರಿ. ನಮ್ಮ ಮನೇಲಿ ಮಲಗೋ ಮುಂಚೆ ಶ್ಲೋಕ ಹೇಳ್ತೀವಿ. ತಲೆಗೆ ವೈರು ಅಂಟಿಸಿಕೊಂಡು ಮಲಗೋದು ಯಾವ ಕಲೆ ಸ್ವಾಮಿ? ಆ ಯಂತ್ರಕ್ಕೆ ನಿಜವಾಗಿ ಕನಸು ಕಾಣಿಸ್ತಾ? ಮೊಮ್ಮಗಳು ಶಾಲೆಯ ವಸ್ತುಪ್ರದರ್ಶನಕ್ಕೆ ಇದನ್ನೇ ಮಾಡ್ತೀನಿ ಅಂತ ಹಟ ಹಿಡಿದಿದ್ದಾಳೆ."

ಹಿರಿಯರೇ, ನಮಸ್ಕಾರ.

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಇಲ್ಲ, ಕನಸು ಕಾಣಿಸಲಿಲ್ಲ. ನಮ್ಮ ತಲೆಬರಹ ತಪ್ಪು ಅರ್ಥ ಕೊಟ್ಟಿತು, ಕ್ಷಮಿಸಿ. ನಡೆದದ್ದು ಇಷ್ಟು. ಕಲಾವಿದ ಫರ್ನಾಂಡೊ ಒರೆಯಾನಾ ಅಮೆರಿಕದ ಆಲ್ಬನಿ ಊರಿನ ನಿದ್ರಾ ಕೇಂದ್ರದಲ್ಲಿ ಒಂದು ರಾತ್ರಿ ಮಲಗಿದರು. ಮೆದುಳಿನ ತರಂಗಗಳು, ಕಣ್ಣಿನ ಚಲನೆ ಎರಡೂ ದಾಖಲಾದವು. 2008ರಲ್ಲಿ ಬ್ರೆಂಡನ್ ಬರ್ನ್ಸ್ ಜೊತೆ ಸೇರಿ ಅದನ್ನು ಒಂದು ಪುಟ್ಟ ರೋಬೋಗೆ ಕೊಟ್ಟರು. ಮಲಗಿದ್ದಾಗ ಕಣ್ಣು ಎತ್ತ ತಿರುಗಿತ್ತೋ ರೋಬೋದ ತಲೆ ಅತ್ತ ತಿರುಗುತ್ತದೆ. ಕೈಕಾಲಿನ ಆಟ ಮಾತ್ರ ಮೊದಲೇ ಹಾಕಿಟ್ಟದ್ದು. ತರಂಗ ಹೀಗಿದ್ದರೆ ಹೀಗೆ ಆಡು ಅಂತ. ಆ ರಾತ್ರಿ ಅವರು ಯಾರನ್ನು ಕಂಡರು, ಎಲ್ಲಿಗೆ ಹೋದರು, ರೋಬೋಗೆ ಗೊತ್ತಿಲ್ಲ. ಕನಸು ಕಂಡವರ ಬಾಯಿಂದಲೇ ಬರಬೇಕು.

ಹಾಗಾದರೆ ಇದು ಯಾವ ಕಲೆ? ಇದಕ್ಕೆ ನಿಮ್ಮ ಹುಳು ಮನೆಯಿಂದಲೇ ಉತ್ತರ ಕೊಡುತ್ತೇನೆ.

ಚಿಂತಾಮಣಿ ಕಡೆಯ ನಮ್ಮ ಅಜ್ಜಿ ಮನೆಯಲ್ಲೂ ಹುಳು ಸಾಕುತ್ತಿದ್ದರು. ದೊಡ್ಡ ಹುಳು ಸೊಪ್ಪು ತಿನ್ನುವ ಸದ್ದು ಸೋನೆ ಮಳೆಯ ಹಾಗೆ. ಜ್ವರಕ್ಕೆ ಕೂತಾಗ, ಅಂದರೆ ಹುಳು ಹಳೇ ಚರ್ಮ ಕಳಚುವ ಮುಂಚೆ ಮೇವು ಬಿಟ್ಟು ಸುಮ್ಮನೆ ಕೂತಾಗ, ಆ ಮನೆ ಪೂರ್ತಿ ನಿಶ್ಶಬ್ದ. ತಲೆ ಎತ್ತಿಕೊಂಡು, ಸೊಪ್ಪು ಮುಟ್ಟದೆ, ಅಲ್ಲಾಡದೆ ಕೂತ ಸಾವಿರಾರು ಹುಳು. ಅಜ್ಜಿ ತೆಳ್ಳಗೆ ಸುಣ್ಣದ ಪುಡಿ ಉದುರಿಸಿ, ನಮ್ಮನ್ನು ಹೊರಗೆ ಕಳಿಸಿ, ಬಾಗಿಲ ಹತ್ತಿರ ಕೂರುತ್ತಿದ್ದರು. ಜ್ವರ ಏಳುವ ತನಕ ಯಾರೂ ಜೋರಾಗಿ ಮಾತಾಡುವ ಹಾಗಿಲ್ಲ. ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಹೀಗೆ. ಒಳಗೆ ಏನೋ ದೊಡ್ಡದು ನಡೀತಿದೆ, ನಾವು ಕಾಯಬೇಕು ಅಷ್ಟೇ ಅನ್ನುವ ಭಾವ ಆ ಮನೆಯಲ್ಲಿತ್ತು.

ವೈರಿನ ಕಥೆಯೂ ಹಾಗೇ ಶುರುವಾದದ್ದು. ಶಿಕಾಗೊದಲ್ಲಿ ಯೂಜೀನ್ ಅಸೆರಿನ್ಸ್ಕಿ ಅನ್ನುವ ವಿದ್ಯಾರ್ಥಿ ತನ್ನ ಎಂಟು ವರ್ಷದ ಮಗನ ಕಣ್ಣಿನ ಹತ್ತಿರ ವೈರು ಅಂಟಿಸಿ, ರಾತ್ರಿ ಕಾದು ಕೂತ. ಮಗು ಗಾಢ ನಿದ್ದೆಯಲ್ಲಿದೆ, ಕಣ್ಣಿನ ಚಲನೆ ಬರೆಯುವ ಯಂತ್ರದ ಪೆನ್ನು ಮಾತ್ರ ಎದ್ದವರ ಕಣ್ಣಿನ ಹಾಗೆ ಓಡಾಡುತ್ತಿದೆ! ಗುರು ಕ್ಲೈಟ್ಮನ್ ಜೊತೆ 1953ರಲ್ಲಿ ಅದನ್ನು ಪ್ರಕಟಿಸಿದರು. ರೆಪ್ಪೆಯೊಳಗೆ ಕಣ್ಣು ಓಡುವ ಈ ಹೊತ್ತಿನಲ್ಲೇ ಕಣ್ಣಿಗೆ ಕಟ್ಟುವಂಥ ಕನಸು ಜಾಸ್ತಿ. ಸುಮಾರು ಒಂದೂವರೆ ಗಂಟೆಗೊಮ್ಮೆ ಅದು ಬರುತ್ತದೆ, ಬೆಳಗಾದಂತೆ ಉದ್ದವಾಗುತ್ತದೆ. ಬೆಳಗಿನ ಜಾವದ ಕನಸಿಗೆ ನಮ್ಮ ಹಿರಿಯರು ತೂಕ ಕೊಟ್ಟಿದ್ದು ಸುಮ್ನೆ ಅಲ್ಲ. ನಿಜವಾಗುತ್ತೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆದರೆ ಆಗಲೇ ಕನಸು ಜಾಸ್ತಿ, ನೆನಪೂ ಉಳಿಯುತ್ತೆ ಅನ್ನುವುದನ್ನು ಅವರು ಚೆನ್ನಾಗಿ ಗಮನಿಸಿದ್ದರು.

ನಿಮ್ಮ ಮನೆಯ ಶ್ಲೋಕ 'ರಾಮಸ್ಕಂದಂ ಹನೂಮಂತಂ' ಇರಬೇಕು, ಅಲ್ವಾ? ಕೆಟ್ಟ ಕನಸು ಬಾರದಿರಲಿ ಅಂತ ನಾವೂ ಹೇಳಿಕೊಂಡೇ ಮಲಗಿದವರು. ಹಿಂದಿನ ಕಾಲದಲ್ಲಿ ಗ್ರೀಸಿನ ಎಪಿಡಾರಸ್ ಅನ್ನುವ ಊರಿನಲ್ಲಿ ರೋಗಿಗಳು ಸ್ನಾನ ಮಾಡಿ, ಪೂಜೆ ಕೊಟ್ಟು, ಕನಸಲ್ಲಿ ದೇವರು ಬರಲಿ ಅಂತ ಗುಡಿಯಲ್ಲೇ ಮಲಗುತ್ತಿದ್ದರು. ವೈರು ಅಂಟಿಸಿಕೊಂಡು ಮಲಗುವ ಕಲಾವಿದ ಇವರ ಸಾಲಿನವನೇ ಅಂತ ನನಗೆ ಅನಿಸುತ್ತದೆ. ನಿದ್ದೆಗೆ ಸುಮ್ನೆ ಬೀಳದೆ, ತಯಾರಾಗಿ ಹೋಗುವವನು. ಇದರಲ್ಲಿ ನಿಮ್ಮ ಶ್ಲೋಕಕ್ಕೆ ಅವಮಾನ ನನಗೆ ಕಾಣುವುದಿಲ್ಲ.

ಮೊಮ್ಮಗಳಿಗೆ ರೋಬೋ ಬೇಡ. ದಿಂಬಿನ ಪಕ್ಕ ಒಂದು ನೋಟ್‌ಬುಕ್ಕು, ಪೆನ್ಸಿಲ್ಲು ಸಾಕು. ಎಚ್ಚರವಾದ ಕೂಡಲೇ ಏಳಬಾರದು. ಕಣ್ಣು ಮುಚ್ಚಿಯೇ ನೆನಪು ಮಾಡಿಕೊಂಡು, ಯಾರ ಜೊತೆಗೂ ಮಾತಾಡದೆ ಮೊದಲು ಬರೆಯಲಿ. ಒಂದು ತಿಂಗಳಾದ ಮೇಲೆ ಚಿತ್ರ ಬಿಡಿಸಲಿ. ಪಕ್ಕದಲ್ಲಿ ನಾಲ್ಕು ಜ್ವರದ ಹುಳುವಿನ ಚಿತ್ರವೂ ಇರಲಿ.

ಮುಂದಿನ ಬೆಳೆ ನಾಲ್ಕನೇ ಜ್ವರಕ್ಕೆ ಕೂತಾಗ ಒಂದು ಫೋನ್ ಮಾಡಿ. ಬರುತ್ತೇನೆ, ಚಪ್ಪಲಿ ಹೊರಗೇ ಬಿಟ್ಟು.